ಟೆಕ್ನಿಕಲ್ ಹೈಸ್ಕೂಲು, ಜೆಒಸಿ ಎಲ್ಲ ಎಲ್ಲಿಗೆ ಹೋದ್ವು?

ಕೆರೆಏರಿ:
ಅಪ್ಪನ ಹಳೆ ಟ್ರಂಕ್ ಕ್ಲೀನ್ ಮಾಡ್ತಿದ್ದಾಗ ಅವರ ಜೆಒಸಿ (ಜಾಬ್ ಓರಿಯೆಂಟೆಡ್ ಕೋರ್ಸ್) ಸರ್ಟಿಫಿಕೇಟ್ ಸಿಕ್ತು. ಪಿಯು ಕಾಲೇಜಲ್ಲೇ ಎರಡು ವರ್ಷ ರೇಷ್ಮೆ ಓದಿದ್ರಂತೆ, ಹಿಪ್ಪುನೇರಳೆ ಕಡ್ಡಿ ನೆಡೋದ್ರಿಂದ ಹಿಡಿದು ಚಾಕಿ (ರೇಷ್ಮೆಯ ಮರಿಹುಳ) ಸಾಕೋವರೆಗೂ ಕೈಯಾರೆ ಮಾಡಿಸ್ತಿದ್ರಂತೆ, ನಂಗೆ ಇಂಥದ್ದೊಂದು ಕೋರ್ಸ್ ಇತ್ತು ಅಂತಲೇ ಗೊತ್ತಿರ್ಲಿಲ್ಲ. ವರ್ಕ್‌ಶಾಪ್ ಇರೋ ಹೈಸ್ಕೂಲುಗಳೂ ಇದ್ವಂತೆ. ಇದೆಲ್ಲ ಯಾವಾಗ ಶುರುವಾಗಿದ್ದು, ಯಾಕೆ ನಿಂತಿದ್ದು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ರಿಟೈರ್ಡ್ ಮೇಷ್ಟ್ರು:
ಇದರ ಬೇರು ಸ್ವಾತಂತ್ರ್ಯಕ್ಕಿಂತ ಮುಂಚಿಂದು ಕಣಪ್ಪ. 1937ರಲ್ಲಿ ಅಬಾಟ್ ಮತ್ತು ವುಡ್ ಅನ್ನೋ ಇಬ್ಬರು ಬ್ರಿಟಿಷ್ ಅಧಿಕಾರಿಗಳ ವರದಿ ಬಂತು, ಮಾಮೂಲಿ ಶಾಲೆ ಪಕ್ಕದಲ್ಲೇ ಕಸುಬಿನ ಶಾಲೆ ಬೇರೇನೇ ಇರ್ಲಿ ಅಂತ. ಅದೇ ವರ್ಷ ಅಕ್ಟೋಬರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದ್ದು ಬೇರೆ, ಕಸುಬಿನ ಮೂಲಕವೇ ಎಲ್ಲಾ ಪಾಠ ಆಗ್ಬೇಕು ಅಂತ. ನಾವು ಹಿಡಿದಿದ್ದು ಹೆಚ್ಚುಕಮ್ಮಿ ಮೊದಲನೇ ದಾರಿ. 1944ರ ಸಾರ್ಜೆಂಟ್ ವರದಿ ಟೆಕ್ನಿಕಲ್ ಹೈಸ್ಕೂಲ್ ಬೇಕು ಅಂತು. 1952-53ರ ಮುದಲಿಯಾರ್ ಆಯೋಗ ಬಹೂದ್ದೇಶ ಹೈಸ್ಕೂಲ್ ಅಂತ ತಂತು, ಒಂದೇ ಸೂರಿನಡಿ ವಿಜ್ಞಾನ, ತಾಂತ್ರಿಕ, ಕೃಷಿ, ಗೃಹವಿಜ್ಞಾನ ಹೀಗೆ ಏಳು ವಿಭಾಗ. ನನ್ನ ಪ್ರಕಾರ ನಮ್ಮಲ್ಲಿ ಬಂದ ಯೋಜನೆಗಳಲ್ಲೆಲ್ಲ ಅದೇ ಒಳ್ಳೇದು. ಆದ್ರೆ ಮೆಷಿನ್ ಬಂತು, ಕಲಿಸೋರು ಬರ್ಲಿಲ್ಲ. ಆ ಮೇಷ್ಟ್ರುಗಳನ್ನ ತಯಾರು ಮಾಡೋಕೆ ಅಂತಲೇ 1963ರಲ್ಲಿ ಮೈಸೂರು, ಭೋಪಾಲ್, ಭುವನೇಶ್ವರ, ಅಜ್ಮೀರಲ್ಲಿ ರೀಜನಲ್ ಕಾಲೇಜು ತೆರೆದ್ರು, ಈಗ ಮಾನಸಗಂಗೋತ್ರೀಲಿರೋ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಅದೇ. ಅಷ್ಟೊತ್ತಿಗೆ ಕೊಠಾರಿ ಆಯೋಗ (1964-66) ಬಂದು ಹತ್ತನೇ ಕ್ಲಾಸಿನವರೆಗೂ ಮಕ್ಕಳನ್ನ ವಿಂಗಡಿಸ್ಬೇಡಿ ಅಂತು. ಹಂಗಾಗಿ ಕಸುಬು ಹೈಸ್ಕೂಲಿಂದ ಪಿಯುಸಿಗೆ ಜಾರ್ತು, ನಿಮ್ಮಪ್ಪ ಓದಿದ್ದು ಅದನ್ನೇ.

ಅರ_ಮತ್ತು_ವೈಸ್:
ಹೈಸ್ಕೂಲಲ್ಲಿ ಪೂರ್ತಿ ನಿಂತಿಲ್ಲ ಗುರುವೇ. ನಾನು ಓದಿದ್ದು ಜೆಟಿಎಸ್, ಕಿರಿಯ ತಾಂತ್ರಿಕ ಶಾಲೆ, ಎಂಟರಿಂದ ಹತ್ತರವರೆಗೆ. ಕನ್ನಡ, ಗಣಿತದ ಜೊತೆ ಇಂಜಿನಿಯರಿಂಗ್ ಡ್ರಾಯಿಂಗ್, ಫಿಟ್ಟಿಂಗ್. ವೈಸ್‌ಗೆ ಕಬ್ಬಿಣದ ತುಂಡು ಕಚ್ಚಿಸಿ ಅರ ಹಾಕ್ತಾ ಹಾಕ್ತಾ ಅಂಗೈ ಬೊಬ್ಬೆ ಬರೋದು, ಮೇಷ್ಟ್ರು ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿಯೋರು, ಸಂದೀಲಿ ಒಂಚೂರು ಬೆಳಕು ಕಂಡ್ರೂ ಮತ್ತೆ ಮೊದಲಿಂದ. ಆಮೇಲೆ ಡಿಪ್ಲೊಮಾ ಮೊದಲ ಸೆಮಿಸ್ಟರ್‌ನಲ್ಲಿ ಬೇರೆಯವರೆಲ್ಲ ಒದ್ದಾಡ್ತಿದ್ರೆ ನಂಗೆ ಎಲ್ಲಾ ಗೊತ್ತಿರೋದೇ. ಎಸ್ಸೆಸ್ಸೆಲ್ಸೀಲಿ ಜೆಟಿಎಸ್ ಮಕ್ಕಳಿಗೆ ಅಂತ ಬೇರೆ ಪೇಪರ್‌ಗಳೇ ಇವೆ. ಪಕ್ಕದ ಊರಿನೋರಿಗೇ ಇದು ಗೊತ್ತಿರಲ್ಲ ಅನ್ನೋದು ನಂಗೆ ತುಂಬಾ ಬೇಜಾರು.

ಸುಮಾ_ದಾವಣಗೆರೆ:
ಮೇಷ್ಟ್ರೇ, ಕಲಿಸೋರು ಇರ್ಲಿಲ್ಲ ಅನ್ನೋದು ಸರಿ, ಆದ್ರೆ ಜನ ಯಾಕೆ ಹಿಂದೇಟು ಹಾಕಿದ್ರು ಅನ್ನೋದೂ ಇದೆ. 1953ರಲ್ಲಿ ಮದ್ರಾಸಲ್ಲಿ ಮುಖ್ಯಮಂತ್ರಿ ರಾಜಾಜಿ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಕಲೀರಿ ಅಂದಾಗ ಇದು ಜಾತಿ ಕಸುಬಿಗೇ ಕಟ್ಟಿಹಾಕೋ ಶಿಕ್ಷಣ ಅಂತ ದೊಡ್ಡ ವಿರೋಧ ಎದ್ದು 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾಗಿ ಬಂದು ಅದನ್ನ ಕೈಬಿಟ್ರು. ಆ ಭಯ ಸುಳ್ಳಲ್ಲ. 1986ರ ಶಿಕ್ಷಣ ನೀತಿ 1995ರ ಹೊತ್ತಿಗೆ ಪ್ಲಸ್ ಟೂ ಮಕ್ಕಳಲ್ಲಿ ಶೇ. 25 ಜನ ವೃತ್ತಿ ಶಿಕ್ಷಣಕ್ಕೆ ಬರ್ಬೇಕು ಅಂತು, 1992ರಲ್ಲಿ ಅದೇ ಗುರಿಯನ್ನ 2000ಕ್ಕೆ ಮುಂದೂಡಿದ್ರು. ಮುಂದೆ ಓದೋಕೆ ದಾರೀನೇ ಸರಿಯಾಗಿ ಇಲ್ಲದ ಕೋರ್ಸಿಗೆ ಯಾವ ತಾಯಿ ಮಗಳನ್ನ ಕಳಿಸ್ತಾಳೆ ಹೇಳಿ? ನನ್ನಕ್ಕ ಜೆಒಸಿ ಮಾಡಿದ್ಲು, ಕೆಲಸಕ್ಕೆ ಅರ್ಜಿ ಹಾಕ್ದಾಗ ಇದು ಪಿಯುಸಿಗೆ ಸಮ ಅಲ್ಲ ಅಂತ ವಾಪಸ್ ಕಳಿಸಿದ್ರು. ನಮ್ಮಲ್ಲಿ 2010ರ ಆಸುಪಾಸಲ್ಲಿ ಕೋರ್ಸೇ ಮುಚ್ಚಿತು.

ಕೆರೆಏರಿ:
ಎಲ್ಲರಿಗೂ ಥ್ಯಾಂಕ್ಸ್, ಅಪ್ಪಂಗೆ ಪೂರ್ತಿ ಓದಿ ಹೇಳ್ದೆ. ಸುಮಾ ಅವರು ಹೇಳಿದ ಹಾಗೇ ಆಗಿತ್ತಂತೆ, ಬಿಎ ಸೇರೋಕೆ ಹೋದ್ರೆ ಸೇರಿಸಿಕೊಳ್ಳಲಿಲ್ಲವಂತೆ. ಆದ್ರೂ ಹುಳ ಸಾಕಿ ನಮ್ಮನ್ನ ಓದಿಸಿದ್ದು ಆ ಎರಡು ವರ್ಷದ ಕಲಿಕೆಯಿಂದಲೇ ಅಂತಾರೆ. ಅರ_ಮತ್ತು_ವೈಸ್ ಅವರೇ, ಜೆಟಿಎಸ್‌ಗೆ ಏಳನೇ ಕ್ಲಾಸ್ ಮುಗಿದ ಮೇಲೆ ಯಾವ ತಿಂಗಳಲ್ಲಿ ಅರ್ಜಿ ಹಾಕ್ಬೇಕು? ತಂಗಿ ಮಗ ಈಗ ಏಳರಲ್ಲಿದ್ದಾನೆ.