ಸಹಾಯ ಬೇಕು: ಬಿಳಿ ನಾಟಿ ಮುಸುಕಿನ ಜೋಳದ ತೆನೆ

ನಾಲ್ಕು ವರ್ಷದಿಂದ ಬರೀ 12–15 ಗಿಡಗಳಿಂದ ಬೀಜ ಹಿಡಿದ ತಳಿ ನಮ್ಮದು. ಈಗ ಗಿಡ ಗಿಡ್ಡ, ತೆನೆ ಮೊಂಡು, ಅರ್ಧ ತೆನೆಯಲ್ಲಿ ಕಾಳೇ ಇಲ್ಲ. ಗೊಬ್ಬರದ ಕೊರತೆಯಲ್ಲ, ಒಳಸಂಬಂಧದ (ಹತ್ತಿರದ ನಂಟಿನ ಗಿಡಗಳೇ ತಲೆಮಾರುಗಟ್ಟಲೆ ಕೂಡಿದ) ಪೆಟ್ಟು. ಟೊಮೆಟೊ, ಹುರುಳಿಕಾಯಿ ತಮ್ಮದೇ ಪರಾಗದಲ್ಲಿ ಕಟ್ಟುವುದರಿಂದ ಐದಾರು ಗಿಡ ಇದ್ದರೂ ಕುಗ್ಗುವುದಿಲ್ಲ. ಮುಸುಕಿನ ಜೋಳ ಗಾಳಿಯಲ್ಲಿ ಬೇರೆ ಗಿಡದ ಪರಾಗ ಪಡೆಯುವ ಬೆಳೆ, ಕನಿಷ್ಠ 200 ಗಿಡ ಬೇಕು. "ನಾಟಿ ಬೀಜ ಎಂದೂ ಕೆಡಲ್ಲ" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಬೇಕಿರುವುದು: ಬೇರೆ ಬೇರೆ ಊರಿನ ಹೊಲಗಳ ಬಿಳಿ ಕಾಳಿನ ತೆನೆ, ಹೊಲಕ್ಕೆ ಹತ್ತು. ಒಂದೇ ತೆನೆಯ ಎಲ್ಲ ಕಾಳಿಗಿಂತ ಹತ್ತು ತೆನೆಯಿಂದ ಇಪ್ಪತ್ತಿಪ್ಪತ್ತು ಕಾಳು ಮೇಲು. ಬಿಡಿಸದೆ ತೆನೆಯನ್ನೇ ಕಳಿಸಿ. ಹತ್ತಿರ ಹೈಬ್ರಿಡ್ ಹಳದಿ ಜೋಳ ಇದ್ದಿದ್ದರೆ ಬಿಳಿ ತೆನೆಯಲ್ಲಿ ಅದೇ ಹಂಗಾಮಿಗೆ ಹಳದಿ ಕಾಳು ಕಾಣುತ್ತವೆ, ಅಂಥವು ಬೇಡ. ಔಷಧ ಹಚ್ಚಿದ್ದೂ ಬೇಡ.

ಯೋಜನೆ ಹೀಗಿದೆ: ಎರಡು ಸಾಲು ಹಳೆಯದು, ಒಂದು ಸಾಲು ಹೊಸದು. ಹಳೇ ಸಾಲಿನ ತುದಿಯ ಗಂಡು ಹೂವನ್ನು ಪರಾಗ ಉದುರುವ ಮೊದಲೇ ಕಿತ್ತು, ಆ ಸಾಲಿನಿಂದ ಮಾತ್ರ ಬೀಜ ಹಿಡಿಯುವುದು. ಸ್ವಲ್ಪ ಹಳೇ ಬೀಜ ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಹಾಗೇ ಇರುತ್ತದೆ.

ಒಂದು ಅನುಮಾನ: ಪಕ್ಕದ ಹೈಬ್ರಿಡ್ ಹೊಲ 150 ಮೀಟರ್ ದೂರ. ಅದರ ಪರಾಗ ನಮ್ಮ ತೆನೆಗೆ ತಾಗದಿರಲು ಬಿತ್ತನೆ 30 ದಿನ ತಡ ಮಾಡಿದರೆ ಸಾಕೇ? ಮಾಡಿ ನೋಡಿದವರು ತಿಳಿಸಿ. ಅಂಚೆ ಖರ್ಚು ನಮ್ಮದು.