ಪಂಚಾಯಿತಿ ಗ್ರಂಥಾಲಯದಲ್ಲಿ ಕವಿತೆ ಕೂಟ: ಎಂಟು ವಾರ ಹೇಗೆ ನಡೆಸುವುದು?

ಕೆರೆದಂಡೆ:
ಊರಿನ ಅರಿವು ಕೇಂದ್ರದಲ್ಲಿ ಸ್ತ್ರೀಶಕ್ತಿ ಸಂಘದ 14 ಮಂದಿಗೆ ವಾರಕ್ಕೊಮ್ಮೆ ಒಂದೂವರೆ ಗಂಟೆ ಬರವಣಿಗೆ ಕೂಟ, 8 ವಾರ. ಮೂವರಿಗೆ ಓದುಬರಹ ಬಾರದು. 'ನಿಸರ್ಗ ಸೌಂದರ್ಯ' ಅಂತ ಕೊಟ್ಟರೆ ಶಾಲೆಯ ಪ್ರಬಂಧ ಬರುತ್ತದೆ, 'ನಿಮ್ಮ ನೋವು' ಅಂದರೆ ಅತ್ತು ಎದ್ದು ಹೋದಾರು ಅನ್ನೋ ಅಳುಕು. ನಲ್ಲಿ ನೀರು ಬರೋದು ನಾಲ್ಕು ದಿನಕ್ಕೊಮ್ಮೆ. ಬರೆದದ್ದು ಅದಕ್ಕೂ ಒದಗಬೇಕು. ತಿಳಿದವರು ಹೇಳಿ.

ಬಳಪ:
ವಿಷಯ ಕೊಡಬೇಡಿ, ವಸ್ತು ಕೊಡಿ. 'ಬಡತನ' ಅಂದರೆ ಎಲ್ಲರದೂ ಒಂದೇ ಪದ್ಯ. 'ಮನೆಯ ಖಾಲಿ ಕೊಡಗಳನ್ನು ಎಣಿಸಿ' ಅಂದರೆ ಹದಿನಾಲ್ಕು ಬೇರೆ ಬೇರೆ ಪದ್ಯ.

ಸಮಯದ ಲೆಕ್ಕ: ಒಂದು ಪದ್ಯ ಎರಡು ಸಲ ಗಟ್ಟಿಯಾಗಿ ಓದಲು 10 ನಿಮಿಷ, ಪದ ಕಲೆಹಾಕಲು 5, ಬರೆಯಲು 12, ಓದಿ ಕೇಳಲು ತಲಾ 4ರಂತೆ 56. ಮಿಕ್ಕ 7 ನಿಮಿಷ ತಡವಾಗಿ ಬರುವವರ ಪಾಲು. 'ಚೆನ್ನಾಗಿದೆ' ಅನ್ನುವುದಕ್ಕೆ ನಿಷೇಧ ಹಾಕಿ. ಕೇಳಿದವರು ಮನಸ್ಸಿನಲ್ಲಿ ಉಳಿದ ಒಂದು ಸಾಲನ್ನು ತಿರುಗಿ ಹೇಳಿದರೆ ಸಾಕು.

ಎರಡನೇ ವಾರ ಪ್ರತಿಯೊಬ್ಬರೂ ಒಂದೊಂದು ಅಂಕಿತ, ಅಂದರೆ ಪದ್ಯದಲ್ಲಿ ಸಹಿಯಂತೆ ಬರುವ ಹೆಸರು, ಆರಿಸಿಕೊಳ್ಳಲಿ. ಹನ್ನೆರಡನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಅಂಕಿತ 'ನಿರ್ಲಜ್ಜೇಶ್ವರ'. ಆ ಒಂದು ಪದವೇ ಅರ್ಧ ಮಾತಾಡಿಬಿಡುತ್ತದೆ. ಹಾಳೆ ಅದಲು ಬದಲು ಮಾಡಿ ಇನ್ನೊಬ್ಬರ ಕೈಯಲ್ಲಿ ಓದಿಸಿ. ಆದರೆ ಸಣ್ಣ ಊರಿನಲ್ಲಿ ಅಕ್ಷರ ನೋಡಿದರೇ ಯಾರದು ಅಂತ ಗೊತ್ತಾಗುತ್ತದೆ; ನೀವೇ ನಕಲು ಮಾಡಿ ಹಂಚಿ.

ಮೌನಿ:
ಅಳುವಿನ ಬಗ್ಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ಆಘಾತಗಳ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಹಗುರಾಗಲಿಲ್ಲ, ಇನ್ನಷ್ಟು ಕುಗ್ಗಿತು. ಪ್ರಯೋಜನ ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಮುಖ್ಯವಾಗಿ, ಅವರು ಅದನ್ನು ಗುಂಪಿನಲ್ಲಿ ಓದಲಿಲ್ಲ. ಕೂಟಗಳು ಎಡವುವುದು ಇಲ್ಲೇ: ಒಳಗಿನದನ್ನು ಬರೆಸಿ ತಕ್ಷಣ ಓದಿಸಿಬಿಡುತ್ತಾರೆ. ಎರಡು ಪುಸ್ತಕ ಇಡಿಸಿ, ಒಂದು ಮನೆಗೆ, ಒಂದು ಕೂಟಕ್ಕೆ. ಮನೆಯಲ್ಲಿ ಬೇರೆಯವರು ತೆಗೆದು ಓದುವ ಭಯವಿದ್ದರೆ ಬರೆದು ಹರಿಯಲಿ, ನಷ್ಟವಿಲ್ಲ. ಮೊದಲೆರಡು ವಾರ ಭಾರದ ವಸ್ತು ಬೇಡ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಹಿಳಾ ಸಹಾಯವಾಣಿ 181, ಎರಡೂ ಗೋಡೆಯ ಮೇಲಿರಲಿ.

ಬೀಸುಕಲ್ಲು:
ಓದುಬರಹ ಬಾರದ ಆ ಮೂವರೇ ನಿಮ್ಮ ಆಸ್ತಿ. ಬೀಸುವ ಪದ, ಸೋಬಾನೆ ಅವರ ಬಾಯಲ್ಲೇ ಇರುತ್ತದೆ. ತ್ರಿಪದಿಗೆ ಮೂರು ಸಾಲು, 4, 4, 3ರಂತೆ 11 ಗಣ (ಸಾಲಿನ ಲಯ ಕಟ್ಟುವ ಅಕ್ಷರಗುಂಪು). ಆದರೆ ಗಣ ಹೇಳಿಕೊಡಲು ಹೋಗಬೇಡಿ, ಧಾಟಿ ಕೊಟ್ಟರೆ ಲೆಕ್ಕ ತಾನಾಗಿ ಕೂರುತ್ತದೆ. ಫೋನಿನಲ್ಲಿ ಧ್ವನಿಮುದ್ರಿಸಿ ಆಮೇಲೆ ಬರೆದುಕೊಳ್ಳಿ. ಹೊರಗ್, ಬರ್ತಾವ ಎಂದದ್ದನ್ನು ಹೊರಗೆ, ಬರುತ್ತವೆ ಎಂದು ತಿದ್ದಿದರೆ ಪದ ಸತ್ತಂತೆಯೇ. ಬರೆದುಕೊಂಡದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ.

ಕೆರೆದಂಡೆ:
ಎರಡು ಪುಸ್ತಕದ ಉಪಾಯ ಹಿಡಿಸಿತು. ಪದ್ಯಗಳನ್ನು ಗ್ರಾಮಸಭೆಯಲ್ಲಿ ಓದಿದರೆ ನೀರು ಬರುತ್ತಾ?

ಬಳಪ:
ಬರೀ ಓದಿದರೆ ಚಪ್ಪಾಳೆ ಬರುತ್ತದೆ, ನೀರಲ್ಲ. ಜೊತೆಗೆ ಅರ್ಜಿ ಬೇಕು: ಯಾವ ಓಣಿ, ಎಷ್ಟು ಮನೆ, ಯಾವ ಯಾವ ತಾರೀಕು ನೀರು ಬಿಟ್ಟರು, ಎಷ್ಟು ಹೊತ್ತು. ಖಾಲಿ ಕೊಡಗಳ ಪದ್ಯಕ್ಕೆಂದು ಎರಡು ವಾರ ಬರೆದಿಡುವ ಎಣಿಕೆಯೇ ಇಲ್ಲಿ ದಾಖಲೆ. ಮೊದಲು ವಾರ್ಡ್ ಸಭೆಗೆ ಒಯ್ಯಿರಿ, ಆಮೇಲೆ ಗ್ರಾಮಸಭೆಗೆ. ಅಲ್ಲಿ ಓದುವುದು ಒಂದೇ ಪದ್ಯ, ಎರಡು ನಿಮಿಷ ಮೀರದಂತೆ. ಓದಿ ಮುಗಿದ ಕೂಡಲೇ ಇನ್ನೊಬ್ಬರು ಅರ್ಜಿ ಕೊಡಲಿ.

ಪುಸ್ತಿಕೆ ಮಾಡುವುದಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿರಬೇಕು. ಎ4 ಹಾಳೆ ನಾಲ್ಕು, ಎರಡೂ ಬದಿ ಮುದ್ರಿಸಿ ನಡುವೆ ಮಡಚಿದರೆ 16 ಪುಟ, ಬೆನ್ನಿಗೆ ಎರಡು ಪಿನ್ನು. ತಲಾ ಒಂದು ಪುಟ, ರಕ್ಷಾಪುಟಕ್ಕೆ ಎರಡು. ನಿಜ ಹೆಸರೋ ಅಂಕಿತವೋ ಎಂಬುದನ್ನು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಿ. ಗುಂಪಿನಲ್ಲಿ ಕೇಳಿದರೆ ಎಲ್ಲರೂ ಹೂಂ ಅಂದುಬಿಡುತ್ತಾರೆ.

ಬೀಸುಕಲ್ಲು:
ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಪಿಡಿಒ ಅವರಿಂದ ಸಹಿ, ಮೊಹರು, ತಾರೀಕು ಹಾಕಿಸಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ವಿಷಯ ಬರೆದಿದ್ದಾರಾ ಅಂತ ಅಲ್ಲೇ ನಿಂತು ನೋಡಿ.