ಶಿಷ್ಯೆಯನ್ನು ನನ್ನ ಸಂಗೀತ ಕಛೇರಿಯಲ್ಲೇ ಹಾಡಿಸಬಹುದಾ?

ಶ್ರುತಿಪೆಟ್ಟಿಗೆ:
ಹಾಡುಗಾರಿಕೆ ಕಲಿಸುತ್ತೇನೆ, ಆಗಾಗ ಕಛೇರಿಯೂ ಮಾಡುತ್ತೇನೆ. ನನ್ನ ಹತ್ತಿರ 54 ವರ್ಷದ ಒಬ್ಬರು ಕಲಿಯುತ್ತಿದ್ದಾರೆ. ಚಿಕ್ಕಂದಿನಲ್ಲಿ ವರ್ಣದವರೆಗೆ (ಸರಳೆ, ಗೀತೆ ಆದಮೇಲೆ ಕಲಿಸುವ ರಚನೆ) ಬಂದು ಪಾಠ ನಿಂತುಹೋಗಿತ್ತಂತೆ. ಒಂದೇ ಒಂದು ಸಲ ವೇದಿಕೆ ಮೇಲೆ ಕೂತು ಪಕ್ಕವಾದ್ಯದ ಜೊತೆ ಹಾಡಬೇಕು ಅನ್ನೋದು ಅವರ ಆಸೆ, ಮೊದಲ ದಿನವೇ ಹೇಳಿದ್ದರು. ಪಾಠದಲ್ಲಿ ಚೆನ್ನಾಗಿಯೇ ಹಾಡುತ್ತಾರೆ. ನಾಲ್ಕು ಜನ ಎದುರಿಗೆ ಕೂತರೆ ಮಾತ್ರ ತಾರಷಡ್ಜ (ಮೇಲಿನ ಸ) ಬರುವ ಹೊತ್ತಿಗೆ ದನಿ ಕೆಳಗೆ ಜಾರುತ್ತದೆ, ತಾಳ ಹಾಕುವ ಕೈ ಓಡಲು ಶುರು ಮಾಡುತ್ತದೆ. ಮುಂದಿನ ತಿಂಗಳು ನನ್ನದೊಂದು ಕಛೇರಿ ಇದೆ, ಅದರ ಮಧ್ಯದಲ್ಲಿ ಹತ್ತು ನಿಮಿಷ ಅವರಿಗೆ ಕೊಡೋಣ ಅಂತಿದ್ದೇನೆ. ಎಲ್ಲರೆದುರು ಅವಮಾನ ಆಗಿಬಿಟ್ಟರೆ ಅನ್ನೋ ಭಯವೂ ಇದೆ. ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ?

ಮಂದ್ರದವಳು:
ಯಾವ ಶ್ರುತಿಯಲ್ಲಿ, ಅಂದರೆ ಆಧಾರ ಸ್ವರವನ್ನು ಎಷ್ಟು ಎತ್ತರಕ್ಕಿಟ್ಟು ಹಾಡಿಸುತ್ತಿದ್ದೀರಿ? ಚಿಕ್ಕಂದಿನ ಶ್ರುತಿಯೇ ಆಗಿದ್ದರೆ ಮೊದಲು ಇಳಿಸಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರ ದನಿ ಸಾಮಾನ್ಯವಾಗಿ ಸ್ವಲ್ಪ ಕೆಳಗಿಳಿಯುತ್ತದೆ, ಮೇಲಿನ ಸ್ವರಗಳು ಕಷ್ಟವಾಗುತ್ತವೆ. ಅಭ್ಯಾಸ ಸಾಲದು ಅಂತ ಅವರು ತಮ್ಮನ್ನೇ ಬೈದುಕೊಳ್ಳುತ್ತಿರಬಹುದು, ದಯವಿಟ್ಟು ಇದನ್ನು ಬಿಡಿಸಿ ಹೇಳಿ. ನನ್ನ ಶಿಷ್ಯೆಯೊಬ್ಬರನ್ನು ಐದೂವರೆ ಮನೆಯಿಂದ (ಮನೆ ಅಂದರೆ ಶ್ರುತಿಯ ಅಳತೆ) ನಾಲ್ಕೂವರೆಗೆ ತಂದೆ. ಅರ್ಧ ಹಾಡಿ ತಂಬೂರಿ ಆ್ಯಪ್ ನಿಲ್ಲಿಸಿದರು, "ಇದು ನನ್ನ ದನಿಯೇನಾ?" ಅಂತ ಕೇಳಿದರು.

ಮೃದಂಗದ ಮೂಲೆ:
ಪಕ್ಕವಾದ್ಯದವನಾಗಿ ಒಂದು ಮಾತು. ಭಯವಾದಾಗ ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಉಸಿರು ಚಿಕ್ಕದಾಗುತ್ತದೆ, ಕಾಲಪ್ರಮಾಣ (ಹಾಡಿನ ವೇಗ) ಓಡೋದು ಅದಕ್ಕೇ. ನಾನು ಎಳೆದು ಹಿಡಿಯಬಲ್ಲೆ, ಆದರೆ ಅವರಿಗೆ ಅದು ಕೇಳಿಸಬೇಕಲ್ವಾ. ಮಾನಿಟರ್ ಸ್ಪೀಕರ್ ಅವರ ಕಡೆ ತಿರುಗಿಸಿ, ಅದರಲ್ಲಿ ತಂಬೂರಿ ಜಾಸ್ತಿ ಇಡಿಸಿ. ಕಛೇರಿಗೆ ಮುಂಚೆ ಎರಡು ಸಲವಾದರೂ ಮೃದಂಗದ ಜೊತೆ ಹಾಡಿಸಿ. ಮೊದಲ ಸಲ ಪಕ್ಕದಲ್ಲೇ ಆ ಸದ್ದು ಬಿದ್ದಾಗ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ತಪ್ಪುವುದು ಸಹಜ, ಅದು ನಿಮ್ಮ ಮನೆಯಲ್ಲೇ ತಪ್ಪಿಹೋಗಲಿ.

ಹಿಂದಿನ ಸಾಲು:
ನನ್ನ ಗುರುಗಳು ನನ್ನನ್ನು ಹೀಗೇ ಹಾಡಿಸಿದ್ದರು. ಚರಣದ ಎರಡನೇ ಸಾಲು ಪೂರ್ತಿ ಮರೆತುಹೋಯಿತು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಸಣ್ಣಗೆ ಆ ಸಾಲು ಎತ್ತಿಕೊಂಡರು, ನಾನು ಸೇರಿಕೊಂಡ ಮೇಲೆ ದನಿ ತಗ್ಗಿಸಿದರು. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆ ಧೈರ್ಯದಿಂದಲೇ ನಾನು ಇವತ್ತಿಗೂ ಹಾಡುತ್ತಿದ್ದೇನೆ. ಇನ್ನೊಂದು, ಮಧ್ಯದಲ್ಲಿ ಕರೆಯಬೇಡಿ. ಅಷ್ಟು ಹೊತ್ತು ಸುಮ್ನೆ ಕೂತರೆ ದನಿ ಕಟ್ಟಿಕೊಳ್ಳುತ್ತದೆ, ಭಯವೂ ಬೆಳೆಯುತ್ತದೆ. ಮೊದಲಿಂದಲೇ ತಂಬೂರಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನು ಹಾಡಬೇಕು ಅಂತ ಅವರನ್ನೇ ಕೇಳಿ, ಆಸೆ ಅವರದ್ದಲ್ವಾ.

ಶ್ರುತಿಪೆಟ್ಟಿಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತಿನ ಪಾಠದಲ್ಲಿ ಅರ್ಧ ಮನೆ ಇಳಿಸಿ ನೋಡಿದೆ, ತಾರಷಡ್ಜದ ಮೇಲೆ ಒಂದು ಆವರ್ತ (ತಾಳದ ಒಂದು ಸುತ್ತು) ಪೂರ್ತಿ ನಿಂತರು. ಮೃದಂಗದವರಿಗೂ ಹೇಳಿಟ್ಟಿದ್ದೇನೆ, ಎರಡು ಭಾನುವಾರ ಬರುತ್ತಾರೆ. ಏನು ಹಾಡುತ್ತೀರಿ ಅಂತ ಕೇಳಿದ್ದಕ್ಕೆ ಅವರು ಯೋಚನೆಯನ್ನೇ ಮಾಡಲಿಲ್ಲ. ಆಗ ಪಾಠ ನಿಂತಿದ್ದು ಮೋಹನ ರಾಗದ ವರ್ಣದ ಚರಣದಲ್ಲಂತೆ, ಅದನ್ನೇ ಹಾಡುತ್ತಾರಂತೆ. ಕಛೇರಿ ಶುರುವಾಗೋದೇ ವರ್ಣದಿಂದ, ಕಾಯುವ ಕಷ್ಟವೂ ತಪ್ಪಿತು. ಇಬ್ಬರೂ ಸೇರಿ ಹಾಡುತ್ತೇವೆ, ಚರಣ ಅವರೊಬ್ಬರದೇ.